ಅವಸರದ ತೆನೆಗಳು

ಊರು ಬಿಡುವ ದಿನ ಲಾರಿಗೆ ಮೊದಲು ಏರಿದ್ದು ಬೀಜದ ಮುಡಿ. ಹುಲ್ಲುಹಗ್ಗ ಸುತ್ತಿ ಕಟ್ಟಿದ್ದ ಆ ಭತ್ತದ ಮೂಟೆಯನ್ನು ಅಪ್ಪ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ತಾನೇ ಹೊತ್ತು ತಂದು ಡ್ರೈವರನ ಹಿಂದಿನ ಮೂಲೆಯಲ್ಲಿ, ಕೆಳಗೆ ಒಂದು ಕಂಬಳಿ ಹಾಸಿ ಇಟ್ಟ. ಆಮೇಲೆ ಪಾತ್ರೆ, ನೇಗಿಲು, ಬಾಗಿಲು ಮತ್ತು ಅದರ ಚೌಕಟ್ಟು. ಕೊನೆಯಲ್ಲಿ ಅಜ್ಜಿ.

ನಮ್ಮದು ಸಾಗರ ತಾಲ್ಲೂಕಿನಲ್ಲಿ ಶರಾವತಿಯ ದಂಡೆಯ ಊರು. ಅಣೆಕಟ್ಟಿನ ನೀರು ಹಿಂದಕ್ಕೆ ನಿಲ್ಲುತ್ತಾ ಬಂದು ಆ ಮಳೆಗಾಲಕ್ಕೆ ನಮ್ಮ ಗದ್ದೆಗಳನ್ನೂ ಮುಳುಗಿಸುತ್ತದೆ ಎಂದು ಮೊದಲೇ ತಿಳಿಸಿದ್ದರು. ಅರವತ್ತರ ದಶಕದ ನಡುವಿನ ಮಾತು. ಗದ್ದೆ ನಮ್ಮದಾಗಿರಲಿಲ್ಲ, ಒಡೆಯರದು. ನಾವು ಗೇಣಿಗೆ ಉಳುತ್ತಿದ್ದವರು. ಉಳುತ್ತಿದ್ದವರಿಗೂ ಬೇರೆ ಕಡೆ ನೆಲ ಕೊಟ್ಟರು. ನಮಗೆ ಸಿಕ್ಕಿದ್ದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮಂಡಗದ್ದೆಯಿಂದ ಒಳಗೆ, ಕಾಡು ಕಡಿದು ಹಸನು ಮಾಡಿದ ಜಾಗ. ಅಪ್ಪನ ತಂಗಿ, ನನ್ನ ಅತ್ತೆ, ನಮ್ಮ ಊರಿಗೇ ಮದುವೆಯಾಗಿದ್ದವಳು. ಅವಳ ಗಂಡನ ಮನೆಯವರಿಗೆ ಹೊಸನಗರದ ಕಡೆ, ಹಿನ್ನೀರಿನ ಅಂಚಿಗೆ ನೆಲ ಸಿಕ್ಕಿತು. ಹೊರಡುವ ಮುಂಚೆ ಅಪ್ಪ ಆ ಮುಡಿಯನ್ನು ಬಿಚ್ಚಿ ಅರ್ಧ ಭತ್ತವನ್ನು ತಂಗಿಗೆ ಅಳೆದುಕೊಟ್ಟು ಮತ್ತೆ ಕಟ್ಟಿದ್ದ.

ನಾನು ಆಗ ತರಬೇತಿ ಮುಗಿಸಿ ರಿಪ್ಪನ್‌ಪೇಟೆಯ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದೆ. ನಮ್ಮ ಜನರಲ್ಲಿ ಓದಿದ ಹೆಣ್ಣುಮಕ್ಕಳು ಕಡಿಮೆ. ಹಾಗಾಗಿ ಅರ್ಜಿಗೆ, ಕಚೇರಿಗೆ ಅಂತ ಅಪ್ಪ ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದ. ಲಾರಿಯಲ್ಲೂ ನಾನಿದ್ದೆ. ಅಜ್ಜಿ ಬೀಜದ ಮುಡಿಯ ಪಕ್ಕ ಕೂತಿದ್ದಳು. ಲಾರಿ ಹೊಸನಗರ ದಾಟಿದ ಮೇಲೆ ಒಂದೇ ಒಂದು ಸಲ ಕೇಳಿದಳು.

"ಹೊಳೆ ಈಗ ಯಾವ ಕಡೆಗಾತು?"

"ಹಿಂದಾತು ಅವ್ವಾ," ಎಂದ ಅಪ್ಪ.

ಆ ಮುಡಿಯಲ್ಲಿದ್ದ ಭತ್ತದ ವಿಷಯ ಸ್ವಲ್ಪ ಹೇಳಬೇಕು. ಅದನ್ನು ನೆರೆಗುಳಿ ಅನ್ನುತ್ತಿದ್ದೆವು. ಹೊಳೆ ಉಕ್ಕಿ ಗದ್ದೆಯ ಮೇಲೆ ನಿಂತರೂ ಸಾಯದ ಭತ್ತ. ನೀರು ಇಳಿದ ಮೇಲೆ ಕೆಸರು ಮೆತ್ತಿದ ಎಲೆಗಳನ್ನು ಎತ್ತಿ ಮತ್ತೆ ಹಸಿರಾಗುತ್ತಿತ್ತು. ಆದರೆ ನಿಧಾನದ ಜಾತಿ. ಮಳೆಯೆಲ್ಲ ಮುಗಿದು ಚಳಿ ಬಿದ್ದ ಮೇಲೆಯೇ ಅದರ ಕೊಯ್ಲು. ಅಲ್ಲಿ ಗದ್ದೆಯ ತೇವ ಅಲ್ಲಿಯವರೆಗೂ ಆರುತ್ತಿರಲಿಲ್ಲವಾದ್ದರಿಂದ ಈ ನಿಧಾನದಿಂದ ತೊಂದರೆಯೇನೂ ಇರಲಿಲ್ಲ.

ಪ್ರತಿ ವರ್ಷ ಗದ್ದೆಯಲ್ಲಿ ಅಲ್ಲೊಂದು ಇಲ್ಲೊಂದು ಬುಡ ಮಾತ್ರ ಉಳಿದವಕ್ಕಿಂತ ಬಹಳ ಮೊದಲೇ ತೆನೆ ಹಾಕಿಬಿಡುತ್ತಿತ್ತು. ಭಾದ್ರಪದದ ಜಡಿಮಳೆಯಲ್ಲಿ ಅದರ ಹೂವು ತೊಳೆದುಹೋಗಿ ತೆನೆ ಜೊಳ್ಳಾಗುತ್ತಿತ್ತು. ಅಕಸ್ಮಾತ್ ನಾಲ್ಕು ಕಾಳು ಕಟ್ಟಿದರೆ ಗಿಳಿಗಳ ಪಾಲು. ಅಪ್ಪ ಅದನ್ನು 'ಅವಸರದ ಬುಡ' ಎಂದು ಕರೆದು, ಕಂಡಲ್ಲಿ ಕಿತ್ತು ಎಮ್ಮೆಗೆ ಹಾಕುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಎಷ್ಟು ಕಿತ್ತರೂ ಮುಂದಿನ ವರ್ಷ ಮತ್ತೆ ಎಲ್ಲೋ ಒಂದೆರಡು ಕಾಣಿಸಿಕೊಳ್ಳುತ್ತಿದ್ದವು.

ಹೊಸ ಜಾಗದ ಮಣ್ಣು ಕೆಂಪು, ತುಂಬ ಚರಳುಗಲ್ಲು. ಮಳೆ ಬಂದಾಗ ಜೋರಾಗಿಯೇ ಬರುತ್ತಿತ್ತು, ಆದರೆ ನೀರು ನಿಲ್ಲುತ್ತಿರಲಿಲ್ಲ. ಒಂದು ಕಡೆಯಿಂದ ಒಡ್ಡು ಹಾಕುತ್ತ ಬಂದರೆ ಇನ್ನೊಂದು ಕಡೆ ನೆಲದೊಳಗೇ ಇಳಿದುಹೋಗುತ್ತಿತ್ತು. ಅಪ್ಪ, ಅಮ್ಮ ಇಬ್ಬರೂ ಬೇಸಿಗೆಯೆಲ್ಲ ಬೇರು ಕಿತ್ತು, ಕಲ್ಲು ಆರಿಸಿ, ಗುಡ್ಡದ ಓರೆಯನ್ನು ಗದ್ದೆಯ ಆಕಾರಕ್ಕೆ ತಂದರು. ನಾನು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಂದು ಭಾನುವಾರವೆಲ್ಲ ಕಲ್ಲು ಹೊರುತ್ತಿದ್ದೆ. ಅಜ್ಜಿ ಹೊಸ ಗುಡಿಸಲಿನ ಮುಂದೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಊರಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ನಾಟಿಗೆ ಅಗೆಸಸಿ ಕೀಳುತ್ತಿದ್ದ ಹೆಂಗಸು ಅವಳು. ಇಲ್ಲಿ ಅವಳಿಗೆ ಮಾಡಲು ಏನೂ ಇರಲಿಲ್ಲ ಅಂತಲ್ಲ, ಯಾವುದನ್ನೂ ಶುರುಮಾಡಲಿಲ್ಲ.

ಬಾವಿಯ ನೀರು ಅವಳಿಗೆ ಸೇರಲಿಲ್ಲ. ಮಣ್ಣಿನ ವಾಸನೆ ಅನ್ನುತ್ತಿದ್ದಳು. ಮಲಗುವಾಗ ಹೊಳೆ ಯಾವ ಕಡೆ ಎಂದು ಕೇಳುವಳು, ಹೊಳೆಯ ಕಡೆ ಕಾಲು ಚಾಚಬಾರದೆಂದು. ಅಪ್ಪ ಒಂದು ದಿನ ಕೈ ತೋರಿಸಿದ.

"ಆ ಕಡೆ ತುಂಗೆ ಇದೆ ನೋಡವ್ವ. ಅತ್ಲಾಗೆ ತಲೆ ಹಾಕು."

"ಅದು ಬೇರೆಯೋರ ಹೊಳೆ," ಎಂದಳು ಅಜ್ಜಿ.

ಮಳೆ ಹಿಡಿದ ಮೇಲೆ ಅಪ್ಪ ಮುಡಿ ಬಿಚ್ಚಿ ನೆರೆಗುಳಿಯ ಅಗೆ ಹಾಕಿದ. ಆ ಭಾಗಕ್ಕೆ ಬರುತ್ತಿದ್ದ ಗ್ರಾಮಸೇವಕರು ಅದನ್ನು ನೋಡಿದರು. ಸೈಕಲ್ಲಿನಲ್ಲಿ ಬರುತ್ತಿದ್ದ ತರುಣ, ಮೈಸೂರಿನ ಕಡೆಯವರು. ನಮ್ಮಂತೆ ಊರು ಕಳೆದುಕೊಂಡು ಬಂದವರ ಮನೆಗಳಿಗೆಲ್ಲ ತಪ್ಪದೆ ಹೋಗಿ ಬೀಜ, ಗೊಬ್ಬರದ ವಿಷಯ ಹೇಳುತ್ತಿದ್ದರು.

"ಯಜಮಾನ್ರೆ, ಇದು ತುಂಬ ದಿನದ ಭತ್ತ. ಈ ನೆಲ ಬೇಗ ಆರುತ್ತೆ. ನಾನು ಬೇಗ ಬರೋ ಬೀಜ ಕೊಡಿಸ್ತೀನಿ, ಈ ವರ್ಷ ಅದನ್ನೇ ಹಾಕಿ," ಎಂದರು.

"ಇದು ಒಗ್ತದೆ ಸ್ವಾಮಿ. ನಾವು ಒಗ್ಗಿಕೊಳ್ಳಲ್ವಾ? ಹಂಗೇ ಅದೂನೂ."

ಗ್ರಾಮಸೇವಕರು ಒತ್ತಾಯ ಮಾಡಲಿಲ್ಲ. ಹೋಗುವಾಗ ನನ್ನ ಹತ್ತಿರ ಮಾತ್ರ, "ಟೀಚರ್, ನೀವಾದ್ರೂ ಹೇಳಿ. ಒಂದು ತುಂಡು ಗದ್ದೆಗಾದ್ರೂ ಬೇರೆ ಹಾಕ್ಲಿ," ಎಂದರು. ನಾನು ಹೇಳಿದೆ. ಅಪ್ಪ ಕೇಳಲಿಲ್ಲ. ಇದ್ದದ್ದೆಲ್ಲ ಹೋದ ಮೇಲೆ ಉಳಿದದ್ದು ಆ ಭತ್ತ ಒಂದೇ ಎಂಬುದು ಅವನ ಮನಸ್ಸಿನಲ್ಲಿತ್ತು. ಅದನ್ನು ಕಣಜದಲ್ಲಿ ಇಟ್ಟು ಬೇರೆಯವರ ಬೀಜ ಬಿತ್ತುವುದು ಅವನಿಂದ ಆಗುವ ಕೆಲಸವಾಗಿರಲಿಲ್ಲ.

ಶ್ರಾವಣದವರೆಗೆ ಗದ್ದೆ ನೋಡಲು ಚಂದವಿತ್ತು. ಹೊಸ ನೆಲದ ಸಾರಕ್ಕೆ ಭತ್ತ ಕಪ್ಪು ಹಸಿರಾಗಿ ಬೆಳೆದು ಸೊಂಟ ಮುಟ್ಟಿತು. ಅಪ್ಪನ ಮುಖದಲ್ಲಿ ನಗು ಕಂಡದ್ದು ಆಗಲೇ. ಭಾದ್ರಪದದ ಮಳೆ ಇಲ್ಲಿ ಹಗುರವಾಗಿಯೇ ಬಿದ್ದು ತಿಂಗಳ ಕೊನೆಗೆ ಹಿಂದಾಯಿತು. ನಮ್ಮ ಹಳೆಯ ಊರಿನಲ್ಲಾದರೆ ಅದು ಲೆಕ್ಕಕ್ಕೇ ಇಲ್ಲ, ಗದ್ದೆಯಲ್ಲಿ ನೀರು ಇದ್ದೇ ಇರುತ್ತಿತ್ತು. ಇಲ್ಲಿ ವಾರದೊಳಗೆ ಮಣ್ಣು ಬಿರುಕುಬಿಟ್ಟಿತು. ನೆರೆಗುಳಿ ಇನ್ನೂ ಹೊಡೆಯಲ್ಲಿತ್ತು, ತೆನೆ ಹೊರಬಂದಿರಲಿಲ್ಲ. ಅಪ್ಪ, ಅಮ್ಮ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದರು. ಅದು ಬಿಸಿ ಹಂಚಿಗೆ ನೀರು ಚಿಮುಕಿಸಿದಷ್ಟೇ ಆಯಿತು. ಒಂದೆರಡು ಮಳೆ ಬಂದು ತೆನೆ ಹೊರಬಂತು, ಹಾಲು ಕೂಡುವ ಹೊತ್ತಿಗೆ ಬುಡ ಒಣಗಿತು. ತೆನೆಗಳು ಬಾಗಲೇ ಇಲ್ಲ. ಬೆಳ್ಳಗಾಗಿ ನೆಟ್ಟಗೆ ನಿಂತೇ ಸತ್ತವು.

ಅದೇ ದಿನಗಳಲ್ಲಿ, ದೀಪಾವಳಿಯ ಆಸುಪಾಸಿಗೆ, ಅಜ್ಜಿ ತೀರಿಕೊಂಡಳು. ಜ್ವರ ಅಂತ ಏನೂ ಬಂದಿರಲಿಲ್ಲ. ಊಟ ಕಡಿಮೆಯಾಗುತ್ತ ಬಂದಿತ್ತು, ಆಮೇಲೆ ಗಂಜಿಯೂ ಬೇಡವಾಯಿತು. ಒಂದು ಬೆಳಿಗ್ಗೆ ಅಮ್ಮ ಕಾಫಿ ಹಿಡಿದು ಹೋಗಿ ಎಬ್ಬಿಸಿದಾಗ ಮೈ ತಣ್ಣಗಿತ್ತು. ನನಗೆ ಸುದ್ದಿ ತಂದದ್ದು ಬಸ್ಸಿನ ಕಂಡಕ್ಟರು. ನಾನು ಬಂದಾಗ ಅಪ್ಪ ಅಂಗಳದಲ್ಲಿ ನಿಂತಿದ್ದ. ಅತ್ತೆ ಹೊಸನಗರದಿಂದ ಬರುವವರೆಗೆ ಕಾದು, ಗದ್ದೆಯ ಮೇಲಿನ ದಿಣ್ಣೆಯಲ್ಲಿ ಸುಟ್ಟೆವು. ಊರಲ್ಲಾಗಿದ್ದರೆ ಹೊಳೆಯ ಪಕ್ಕ. ಇಲ್ಲಿ ಎಲ್ಲಿ ಸುಡಬೇಕೆಂದು ಹೇಳುವ ಹಿರಿಯರೂ ಇರಲಿಲ್ಲ. ಆ ನೆಲದಲ್ಲಿ ನಮ್ಮ ಜನರ ಮೊದಲ ಸಾವು ಅದು.

ಗ್ರಾಮಸೇವಕರು ಸುದ್ದಿ ಕೇಳಿ ಮಾತಾಡಿಸಲು ಬಂದರು. ನಾನು ರಜೆಯ ಮೇಲೆ ಮನೆಯಲ್ಲೇ ಇದ್ದೆ. ಅಪ್ಪ ಅವರನ್ನು ಕೂರಿಸಲಿಲ್ಲ, ಗದ್ದೆಗೆ ಕರೆದುಕೊಂಡು ಹೋದ. ಅಷ್ಟು ಹೊತ್ತಿಗೆ ಒಣಗಿದ ಭತ್ತವನ್ನು ಹುಲ್ಲಿಗೆಂದು ಕೊಯ್ಯಲು ಶುರುಮಾಡಿದ್ದ. ಕೊಯ್ಯುತ್ತ ಹೋದಾಗ ಬೆಳ್ಳಗಿನ ತೆನೆಗಳ ನಡುವೆ ಅಲ್ಲಲ್ಲಿ ಹಳದಿ ತೆನೆ ಬಾಗಿ ನಿಂತ ಬುಡಗಳು ಸಿಕ್ಕಿದ್ದವು. ಅಪ್ಪ ಅವನ್ನು ಕೊಯ್ಯದೆ ಬಿಟ್ಟಿದ್ದ. ಆ ಮಳೆಗಾಲದಲ್ಲಿ ಕೆಲಸದ ಒತ್ತಡಕ್ಕೆ ಅವಸರದ ಬುಡಗಳನ್ನು ಕಿತ್ತಿರಲೇ ಇಲ್ಲ.

ಗ್ರಾಮಸೇವಕರು ಒಂದು ತೆನೆಯನ್ನು ಅಂಗೈಗೆ ಉದುರಿಸಿ ಹಲ್ಲಿನಲ್ಲಿ ಕಡಿದು ನೋಡಿದರು. ಗಟ್ಟಿ ಅಕ್ಕಿ, ಒಳಗೆ ಕೆಂಪು.

"ಇದೂ ನಿಮ್ಮ ನೆರೆಗುಳೀನೇ?"

"ಅದ್ರದ್ದೇ ಹುಟ್ಟು. ಆದ್ರೆ ಅವಸರಗೇಡಿ. ಊರಲ್ಲಿ ನಾವು ಕಿತ್ತು ಬಿಸಾಕ್ತಿದ್ವಿ."

"ಬೀಜದೊಳಗೆ ಹುಟ್ಟಿನ ಗುಣ ಅಂತ ಇರುತ್ತೆ, ಯಜಮಾನ್ರೆ. ತಾಯಿಯಿಂದ ಮರಿಗೆ ಅದು ಇಳೀತಾ ಬರುವಾಗ ಎಲ್ಲೋ ಒಂದು ಸಲ, ಲಕ್ಷಕ್ಕೆ ಒಂದರಲ್ಲಿ, ಚೂರು ಬದಲಾಗಿಬಿಡುತ್ತೆ. ನಾವು ಓದುವಾಗ ಮ್ಯುಟೇಶನ್ ಅಂತ ಹೇಳಿಕೊಟ್ಟಿದ್ರು. ಅದು ಆಮೇಲೆ ಅದರ ಮಕ್ಕಳಿಗೂ ಹೋಗುತ್ತೆ. ಈ ಬುಡಕ್ಕೆ ಬೇಗ ಹೂ ಬಿಡೋ ಗುಣ ಹಾಗೇ ಬಂದಿದ್ದು."

"ಇಲ್ಲಿ ನೀರಿಲ್ಲ ಅಂತ ಅದಕ್ಕೆ ಗೊತ್ತಾಗಿ ಬೇಗ ಬಂತಾ?"

"ಇಲ್ಲ, ಅದಕ್ಕೇನೂ ಗೊತ್ತಿಲ್ಲ. ನಿಮ್ಮ ಊರಲ್ಲೂ ಬರ್ತಿತ್ತಲ್ಲ? ಇಲ್ಲಿಗೆ ಬೇಕು ಅಂತ ಆಗಿದ್ದಲ್ಲ. ಮೊದಲೇ ಇತ್ತು. ಅಲ್ಲಿ ಮಳೆ ಅದನ್ನ ಉಳಿಯೋಕೆ ಬಿಡಲಿಲ್ಲ, ಇಲ್ಲಿ ಬಿಸಿಲು ಮಿಕ್ಕಿದ್ದನ್ನ ಉಳಿಯೋಕೆ ಬಿಡಲಿಲ್ಲ. ಭತ್ತ ಒಗ್ಗುತ್ತೆ ಅಂದ್ರಲ್ಲ ನೀವು, ಒಂದೊಂದೇ ಬುಡ ಒಗ್ಗೋದಿಲ್ಲ. ಒಗ್ಗದೇ ಇದ್ದದ್ದು ಸಾಯುತ್ತೆ, ಒಗ್ಗೋ ಗುಣ ಇದ್ದದ್ದರ ಬೀಜ ಮುಂದಿನ ವರ್ಷಕ್ಕೆ ಹೋಗುತ್ತೆ. ಹತ್ತು ವರ್ಷ ಬಿಟ್ಟು ನೋಡಿದೋರಿಗೆ ಗದ್ದೆಗೆ ಗದ್ದೇನೇ ಒಗ್ಗಿದ ಹಾಗೆ ಕಾಣುತ್ತೆ."

ಅಪ್ಪ ಒಂದು ಜೊಳ್ಳು ತೆನೆಯನ್ನು ಕಿತ್ತು ಬೆರಳಿನಲ್ಲಿ ಹಿಸುಕಿದ. ಆಮೇಲೆ ಒಣಗಿದ ಸಾಲುಗಳ ಕಡೆ ನೋಡುತ್ತ ಕೇಳಿದ.

"ಹಂಗಾದ್ರೆ ಸತ್ತಿದ್ದು ಕೆಟ್ಟ ಭತ್ತವಾ?"

"ಕೆಟ್ಟದ್ದು ಅಂತ ಯಾರು ಹೇಳಿದ್ರು? ನಿಮ್ಮ ಹೊಳೆಬಯಲಿಗೆ ಅದಕ್ಕಿಂತ ಒಳ್ಳೇದು ಇರಲಿಲ್ಲ. ಜಾಗ ಬದಲಾಯ್ತು, ಅಷ್ಟೇ."

"ಯಾರು ಆರಿಸ್ತಾರೆ ಇದನ್ನ? ದೇವ್ರಾ?"

"ಅದು ನನಗೆ ಗೊತ್ತಿಲ್ಲ. ನಮ್ಮ ಪಾಠದಲ್ಲಿ ಪ್ರಕೃತಿ ಆರಿಸುತ್ತೆ ಅಂತ ಇತ್ತು. ಆದ್ರೆ ಅದು ನಾವು ಸಂತೇಲಿ ಬದನೇಕಾಯಿ ಆರಿಸಿದ ಹಾಗಲ್ಲ. ಕೈಯೂ ಇಲ್ಲ, ಕಣ್ಣೂ ಇಲ್ಲ. ಉಳಿದದ್ದು ಉಳೀತು, ಅದಕ್ಕೇ ಆರಿಸಿದ್ದು ಅಂತ ಹೆಸರು."

ಅಪ್ಪ ಕುಡುಗೋಲನ್ನು ಬದುವಿನ ಮೇಲೆ ಇಟ್ಟ.

"ನಮ್ಮವ್ವಂದೂ ಹಿಂಗೇನಾ?"

ಗ್ರಾಮಸೇವಕರ ಮುಖ ಕೆಂಪಾಯಿತು. ಅವರಿಗೆ ಆಗಿನ್ನೂ ಇಪ್ಪತ್ತೈದೂ ತುಂಬಿರಲಿಕ್ಕಿಲ್ಲ. ನನ್ನ ಕಡೆ ನೋಡಿದರು.

"ಇಲ್ಲ, ಯಜಮಾನ್ರೆ," ಎಂದರು ಕೊನೆಗೆ. "ಭತ್ತದ ಮಾತನ್ನ ಮನುಷ್ಯರಿಗೆ ಹಚ್ಚಬಾರದು. ಭತ್ತಕ್ಕೆ ಕಲಿಯೋಕಾಗಲ್ಲ, ಒಂದು ಬುಡ ಇನ್ನೊಂದಕ್ಕೆ ನೀರು ತಂದು ಹಾಕೋದಿಲ್ಲ. ನಾವು ಕಲೀತೀವಿ, ಒಬ್ಬರಿಗೊಬ್ಬರು ಆಗ್ತೀವಿ. ನೀವು ಅವರನ್ನ ಬಿಟ್ಟು ಬರಲಿಲ್ಲವಲ್ಲ, ಹೊತ್ತು ತಂದು ಸಾಕಿದ್ರಲ್ಲ. ಅಜ್ಜಿಗೆ ವಯಸ್ಸಾಗಿತ್ತು."

"ವಯಸ್ಸಾಗಿತ್ತು," ಎಂದ ಅಪ್ಪ. ಒಪ್ಪಿದನೋ, ಒಪ್ಪಲಿಲ್ಲವೋ, ನನಗೆ ತಿಳಿಯಲಿಲ್ಲ. ಮತ್ತೆ ಕುಡುಗೋಲು ಎತ್ತಿಕೊಂಡ.

ಗ್ರಾಮಸೇವಕರು ಹೋದ ಮೇಲೆ ಅಪ್ಪ, ಅಮ್ಮ, ನಾನು ಮೂವರೂ ಸೇರಿ ಅವಸರದ ತೆನೆಗಳನ್ನು ಒಂದೊಂದಾಗಿ ಕೊಯ್ದೆವು. ಒಂದು ಬಿದಿರುಬುಟ್ಟಿಯೂ ತುಂಬಲಿಲ್ಲ. ಅದನ್ನು ಕುಟ್ಟಿ ಹೊಸ ಅಕ್ಕಿಯ ಅನ್ನ ಮಾಡೋಣವೇ ಎಂದು ನಾನು ಕೇಳಿದೆ.

"ಬೇಡ ಮಗಾ. ಇದೇ ನಮ್ಮ ಬೀಜ ಇನ್ನು," ಎಂದ ಅಪ್ಪ.

ಆ ವರ್ಷ ಊಟಕ್ಕೆ ನಾನು ರಿಪ್ಪನ್‌ಪೇಟೆಯಿಂದ ವಾರವಾರ ಅಕ್ಕಿ ಹೊತ್ತು ತಂದೆ. ಅಪ್ಪ, ಅಮ್ಮ ಮಂಡಗದ್ದೆಯ ಕಡೆ ತೋಟಗಳಿಗೆ ಕೂಲಿಗೆ ಹೋದರು. ಮುಂದಿನ ಮಳೆಗಾಲಕ್ಕೆ ಗ್ರಾಮಸೇವಕರು ಕೊಡಿಸಿದ ಬೀಜವನ್ನು ದೊಡ್ಡ ಗದ್ದೆಗಳಿಗೆ ಹಾಕಿ, ಬುಟ್ಟಿಯ ಬೀಜವನ್ನು ಮನೆಯ ಹತ್ತಿರದ ಚಿಕ್ಕ ತುಂಡಿಗೆ ಹಾಕಿದರು. ಗ್ರಾಮಸೇವಕರ ಭತ್ತ ಚೆನ್ನಾಗಿಯೇ ಬಂತು. ಮನೆಯಲ್ಲಿ ಮತ್ತೆ ಎರಡು ಹೊತ್ತು ಒಲೆ ಉರಿದದ್ದು ಅದರಿಂದ. ಚಿಕ್ಕ ತುಂಡಿನಲ್ಲಿ ಬಹುಪಾಲು ಬೇಗ ತೆನೆ ಹಾಕಿತು, ಕೆಲವು ಬುಡ ಮಾತ್ರ ಹಳೆಯ ಅಭ್ಯಾಸದಂತೆ ಹಸಿರಾಗಿಯೇ ನಿಂತು ಆಮೇಲೆ ಒಣಗಿದವು. ಅದರ ಮುಂದಿನ ವರ್ಷ ಹಾಗೆ ಒಣಗಿದವು ಇನ್ನೂ ಕಡಿಮೆ.

"ಊರಲ್ಲಿ ನೀವು ಕೀಳ್ತಿದ್ರಿ, ಇಲ್ಲಿ ಬಿಸ್ಲೇ ಕೀಳ್ತದೆ," ಎಂದಳು ಅಮ್ಮ.

ಮೂರು ನಾಲ್ಕು ಮಳೆಗಾಲ ಕಳೆಯುವ ಹೊತ್ತಿಗೆ ಆ ಚಿಕ್ಕ ತುಂಡಿನ ಭತ್ತ ಗುಡ್ಡದ ಓರೆಯ ಗದ್ದೆಗಳಿಗೂ ಬಂತು. ಅಕ್ಕಪಕ್ಕದವರೂ ಬೀಜ ಕೇಳಿ ಒಯ್ದರು. ಹೆಸರೇನು ಎಂದು ಕೇಳಿದರೆ ಅಪ್ಪ ನೆರೆಗುಳಿ ಎಂದು ಹೇಳುತ್ತಿರಲಿಲ್ಲ, "ಮನೆ ಭತ್ತ" ಎನ್ನುತ್ತಿದ್ದ. ಅಕ್ಕಿ ಕೆಂಪೇ, ಆದರೆ ಅನ್ನ ಸ್ವಲ್ಪ ಬಿರುಸು. ಹುಲ್ಲು ಗಿಡ್ಡ. ಗಂಜಿಯ ಪರಿಮಳ ಅಷ್ಟಿಲ್ಲ. ಅಪ್ಪ ಊಟಕ್ಕೆ ಕೂತಾಗ ಮೊದಲ ತುತ್ತು ಬಾಯಿಗಿಟ್ಟು ಒಂದು ಕ್ಷಣ ಅಗಿಯದೆ ಇರುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಒಂದು ವರ್ಷ ಆಶ್ವೀಜದಲ್ಲಿ ಅತ್ತೆ ಬಂದಳು. ನಮ್ಮಲ್ಲಿ ಆಗಲೇ ಕೊಯ್ಲು ಮುಗಿದಿತ್ತು. ಅವಳಿಗೆ ಆಶ್ಚರ್ಯ.

"ಎಂತದಣ್ಣ ಇದು, ಇಷ್ಟ್ ಬೇಗ! ನಮ್ಮಲ್ಲಿ ಚಳಿಗಾಲದವರೆಗೆ ಕಾಯೋದ್ರಲ್ಲಿ ಮಕ್ಕಳು ಹಸಿದು ಸಾಯ್ತಾವೆ. ನಂಗೂ ಬೀಜ ಕೊಡು."

ಅಪ್ಪನಿಗೆ ಸಂತೋಷವಾಯಿತು. ಒಂದು ಚೀಲ ಕಟ್ಟಿ ಅವಳ ಜೊತೆ ಬಸ್ಸಿಗೆ ಹಾಕಿದ. ಆಗ ಅದು ಏನಾಗಬಹುದು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಎಚ್ಚರಿಸಬಹುದಾಗಿದ್ದ ಗ್ರಾಮಸೇವಕರು ವರ್ಗವಾಗಿ ಬಯಲುಸೀಮೆಯ ಕಡೆ ಹೋಗಿಯಾಗಿತ್ತು.

ಮುಂದಿನ ಭಾದ್ರಪದ ಕಳೆದ ಮೇಲೆ ಅತ್ತೆ ಹೇಳಿಕಳಿಸಿದಳು, ಬಂದು ನೋಡಬೇಕಂತೆ. ಅಪ್ಪನೂ ನಾನೂ ಹೋದೆವು. ಅವಳ ಮನೆ ಹಿನ್ನೀರಿನಿಂದ ಸ್ವಲ್ಪ ಮೇಲೆ, ತಗ್ಗಿನಲ್ಲಿ ಗದ್ದೆ. ಮಳೆಯೆಂದರೆ ನಮ್ಮಲ್ಲಿಯ ಎರಡರಷ್ಟು. ಅಪ್ಪ ಕೊಟ್ಟ ಭತ್ತ ಅಲ್ಲಿಯೂ ತನ್ನ ಹೊತ್ತಿಗೆ ಸರಿಯಾಗಿ, ಜಡಿಮಳೆಯ ನಡುವೆ ಹೂ ಬಿಟ್ಟಿತ್ತು. ಇಡೀ ಗದ್ದೆ ಜೊಳ್ಳು. ಪಕ್ಕದ ಗದ್ದೆಯಲ್ಲಿ ಅವಳು ಎಂದಿನಂತೆ ಹಾಕಿದ್ದ ನೆರೆಗುಳಿ ಮೊಣಕಾಲು ನೀರಿನಲ್ಲಿ, ಎಲೆಯ ಮೇಲೆ ಕೆಸರು ಒಣಗಿಸಿಕೊಂಡು, ಹಸಿರಾಗಿ ನಿಂತಿತ್ತು.

ಅತ್ತೆ ಬೈಯಲಿಲ್ಲ. "ನಿನ್ನ ತಪ್ಪೇನಿಲ್ಲ ಬಿಡಣ್ಣ. ಕೇಳಿದ್ದು ನಾನೇ," ಎಂದಳು.

ಒಂದೇ ಮುಡಿಯ ಭತ್ತ. ಅರ್ಧ ಆ ಕಡೆ ಹೋಗಿತ್ತು, ಅರ್ಧ ಈ ಕಡೆ. ನಡುವೆ ಅರ್ಧ ದಿನದ ಬಸ್ಸಿನ ದಾರಿ. ಗ್ರಾಮಸೇವಕರು ಹೇಳಿದ್ದ ಹತ್ತು ವರ್ಷ ಕೂಡ ಆಗಿರಲಿಲ್ಲ, ಆಗಲೇ ಅಣ್ಣನ ಗದ್ದೆಯದು ತಂಗಿಯ ಗದ್ದೆಯಲ್ಲಿ ಬದುಕುತ್ತಿರಲಿಲ್ಲ, ತಂಗಿಯದು ಅಣ್ಣನದರಲ್ಲಿ. ಇದಕ್ಕಿಂತ ಸಾವಿರಪಾಲು ಹೆಚ್ಚು ಕಾಲ ಸಿಕ್ಕರೆ ಏನೇನಾದೀತು ಎಂದು ನಾನು ಆ ಬದುವಿನ ಮೇಲೆ ನಿಂತು ಯೋಚಿಸಿದೆ. ಭೂಮಿಯ ಮೇಲಿನ ಇಷ್ಟೊಂದು ಬಗೆಯ ಹುಲ್ಲು, ಹಕ್ಕಿ, ಹುಳು ಎಲ್ಲ ಹೀಗೇ ಅಗಲಿ ಅಗಲಿ ಆದವು ಎಂದು ಮುಂದೆ ಓದಿದಾಗ ನನಗೆ ಕಷ್ಟವಾಗದೆ ಅರ್ಥವಾಯಿತು. ಅದರ ಹಿಂದೆ ಎಷ್ಟು ಒಣಗಿದ ಗದ್ದೆಗಳಿರಬೇಕು ಎಂಬುದೂ ಅರ್ಥವಾಯಿತು. ಪುಸ್ತಕದಲ್ಲಿ ಆ ಭಾಗ ಒಂದೆರಡು ಸಾಲಿನಲ್ಲಿ ಮುಗಿದುಹೋಗಿತ್ತು.

ಮಧ್ಯಾಹ್ನ ಅತ್ತೆ ಊಟಕ್ಕೆ ಹಾಕಿದಳು. ಹಿಂದಿನ ವರ್ಷದ ನೆರೆಗುಳಿ ಅಕ್ಕಿಯ ಅನ್ನ, ಮೀನುಸಾರು. ಅಪ್ಪ ಮೊದಲ ತುತ್ತು ನುಂಗಿ ತಲೆ ತಗ್ಗಿಸಿದ. ಅವನ ಕಣ್ಣಿನಿಂದ ನೀರು ಎಲೆಯ ಮೇಲೆಯೇ ಬಿತ್ತು. ಅಜ್ಜಿ ಸತ್ತಾಗಲೂ ಅಪ್ಪ ಅತ್ತದ್ದನ್ನು ನಾನು ಕಂಡಿರಲಿಲ್ಲ. ಅತ್ತೆ ಬಡಿಸುವ ಸೌಟನ್ನು ಹಾಗೇ ಹಿಡಿದುಕೊಂಡು ಎದುರಿಗೆ ಕೂತಳು.

"ಬೀಜ ಕಟ್ಟಿಕೊಡ್ಲಾ ಅಣ್ಣಾ?"

"ಬೇಡ. ನಂಗೆ ಅಲ್ಲಿ ಇದು ಬರಲ್ಲ," ಎಂದ ಅಪ್ಪ. ಕಣ್ಣೊರೆಸಿಕೊಂಡು, "ಒಂದು ಸೇರು ಅಕ್ಕಿ ಕೊಡು. ಅವ್ವಂಗೆ ಎಡೆ ಇಡಕ್ಕೆ. ಅವ್ಳು ಸತ್ತ ಮೇಲೆ ನಾನು ಇಟ್ಟಿದ್ದೆಲ್ಲ ಅವ್ಳು ಉಣ್ಣದ ಅಕ್ಕಿ," ಎಂದ.

ಅಂದಿನಿಂದ ಹಿರಿಯರಿಗೆ ಎಡೆ ಇಡುವ ದಿನ ಬಂತೆಂದರೆ ಅತ್ತೆ ಒಂದು ಗಂಟಿನಲ್ಲಿ ಅಕ್ಕಿ ಕಟ್ಟಿಕೊಂಡು ಬಸ್ಸಿಳಿಯುತ್ತಿದ್ದಳು. ಹೋಗುವಾಗ ನಮ್ಮ ಹೊಸ ಅಕ್ಕಿಯನ್ನು ಮಕ್ಕಳಿಗೆಂದು ಒಯ್ಯುತ್ತಿದ್ದಳು. ಬೀಜದ ಮಾತು ಮತ್ತೆ ಇಬ್ಬರೂ ಎತ್ತಲಿಲ್ಲ. ಅಜ್ಜಿಯನ್ನು ಸುಟ್ಟ ದಿಣ್ಣೆಯ ಸುತ್ತ ಅಪ್ಪ ಕಲ್ಲುಕಟ್ಟೆ ಕಟ್ಟಿದ. ಆ ನೆಲಕ್ಕೆ ಆಮೇಲೆ ಬಂದವರು ತಮ್ಮವರನ್ನು ಎಲ್ಲಿ ಸುಡಬೇಕೆಂದು ಅಪ್ಪನನ್ನೇ ಕೇಳುತ್ತಿದ್ದರು.

ಅತ್ತೆ ಇರುವವರೆಗೂ ಅಕ್ಕಿ ಬರುವುದು ತಪ್ಪಲಿಲ್ಲ. ಅವಳು ತೀರಿಕೊಂಡ ವರ್ಷ ಅಪ್ಪ ಬಸ್ಸಿನ ಹೊತ್ತಿಗೆ ರಸ್ತೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದ. ಅಮ್ಮ ಮನೆ ಭತ್ತವನ್ನು ಕುಟ್ಟಿ ಅನ್ನ ಮಾಡಿದಳು. ಅಪ್ಪ ಎರಡು ಎಲೆ ಹಾಕಿ ಅಜ್ಜಿಗೂ ಅತ್ತೆಗೂ ಬಡಿಸಿ ಕೈಮುಗಿದ. ಅವರು ಉಣ್ಣಲಿ ಎಂದು ನಾವೆಲ್ಲ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಜಗಲಿಯಲ್ಲಿ ಕೂತೆವು.